ಬ್ಯೂನಸ್ ಐರಿಸ್‌ನಲ್ಲಿ ಜೇಬಿಗೆ ಭಾರವಾಗದ ಸ್ಟೇಕ್ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸಿನ ಕೆಲಸಕ್ಕೋ, ಪತಗೋನಿಯದ ದಾರಿಯಲ್ಲಿ ಎರಡು ದಿನ ತಂಗುವುದಕ್ಕೋ ಈ ಊರಿಗೆ ಬರುವ ಕನ್ನಡದವರು ವಿಮಾನ ಇಳಿಯುವ ಮೊದಲೇ ಕೇಳುವುದು ಇದನ್ನು: ಒಳ್ಳೆ ಸ್ಟೇಕ್ ಎಲ್ಲಿ ಸಿಗುತ್ತೆ, ತೀರಾ ದುಬಾರಿ ಆಗಬಾರದು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ವಾಟ್ಸಾಪ್‌ನಲ್ಲಿ ಟೈಪ್ ಮಾಡುವ ಬದಲು ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ. ಬರೆದಿರುವುದು ದನದ ಮಾಂಸ ತಿನ್ನುವವರಿಗೆ. ಅವರ ಜೊತೆ ಬಂದು ಅದೇ ಮೇಜಿಗೆ ಕೂರುವ, ತಿನ್ನದವರ ಪ್ರಶ್ನೆಗಳೂ ಕೆಳಗಿವೆ.

ಸುತ್ತಿಬಳಸದೆ ಒಂದು ಹೋಟೆಲಿನ ಹೆಸರು ಹೇಳಿಬಿಡಿ.

ಹೆಸರು ಕೇಳಿದವರಿಗೆಲ್ಲ ಸಿಗುವ ಉತ್ತರ ಡಾನ್ ಹೂಲಿಯೊ. ಪಲೇರ್ಮೊ ಬಡಾವಣೆಯಲ್ಲಿದೆ, 2023ರಲ್ಲಿ ಮಿಶೆಲಿನ್ ಎಂಬ ಹೋಟೆಲ್ ಮಾರ್ಗದರ್ಶಿಯ ತಾರೆ ಸಿಕ್ಕಿದೆ. ಊಟ ಅದ್ಭುತವೇ, ಅನುಮಾನವಿಲ್ಲ. ಆದರೆ ಟೇಬಲ್ ಬೇಕಾದರೆ ಬಹಳ ಮೊದಲೇ ಕಾಯ್ದಿರಿಸಬೇಕು, ಬಿಲ್ಲು ನೋಡಿದರೆ ಅದು ಈ ಪುಟದ ವಿಷಯವೇ ಅಲ್ಲ. ಸಾನ್ ತೆಲ್ಮೊದಲ್ಲಿರುವ ಲಾ ಬ್ರಿಗಾದದಲ್ಲಿ ವೇಟರ್ ನಿಮ್ಮ ಕಣ್ಣೆದುರೇ ಮಾಂಸವನ್ನು ಚಮಚದಿಂದ ಕತ್ತರಿಸಿ ತೋರಿಸುತ್ತಾನೆ. ಅದೂ ಸ್ವಲ್ಪ ಮೇಲಿನ ದರದ್ದೇ.

ನಿಮಗೆ ಬೇಕಿರುವುದು ಓಣಿಯ ಪರೀಷಾ. ಕೆಂಡದ ಮೇಲೆ ಮಾಂಸ ಸುಡುವ ಸಾದಾ ಊಟದ ಮನೆಗೆ ಇಲ್ಲಿ ಹಾಗನ್ನುತ್ತಾರೆ. ನಮ್ಮ ಕಡೆಯ ಮಿಲಿಟರಿ ಹೋಟೆಲ್ ಇದ್ದ ಹಾಗೆ: ಒಳಾಂಗಣಕ್ಕೆ ದುಡ್ಡು ಹಾಕಿರುವುದಿಲ್ಲ, ಊಟಕ್ಕೆ ಹಾಕಿರುತ್ತಾರೆ. ಕಾಗದ ಹಾಸಿದ ಮೇಜು, ಗೋಡೆಗೆ ಫುಟ್‌ಬಾಲ್ ತಂಡದ ಬಾವುಟ, ಮೂಲೆಯಲ್ಲೊಂದು ಟಿವಿ. ಸಾನ್ ತೆಲ್ಮೊದ ದೆಫೆನ್ಸಾ ಬೀದಿಯಲ್ಲಿರುವ ಎಲ್ ದೆಸ್ನಿವೆಲ್, ಪಶ್ಚಿಮದ ಲಿನಿಯರ್ಸ್‌ನಲ್ಲಿ ದೊಡ್ಡ ತಟ್ಟೆಗೆ ಹೆಸರಾದ ಎಲ್ ಫೆರ್ರೊವಿಯಾರಿಯೊ ಈ ಜಾತಿಯವು. ಹೊರಡುವ ಮೊದಲು ಆ ದಿನ ತೆರೆದಿದೆಯೇ ಎಂದು ಮ್ಯಾಪಿನಲ್ಲಿ ನೋಡಿಕೊಳ್ಳಿ. ಇಷ್ಟಾಗಿಯೂ ನನ್ನ ಸಲಹೆ: ಹೆಸರು ಹಿಡಿದು ಊರು ಸುತ್ತಬೇಡಿ. ಅಲ್ಮಾಗ್ರೊ, ಬೊಯೇದೊ, ವಿಷಾ ಕ್ರೆಸ್ಪೊ, ಚಕರೀತ, ಇವುಗಳಲ್ಲಿ ನೀವು ಎಲ್ಲಿ ಇಳಿದುಕೊಂಡಿದ್ದರೂ ಹತ್ತು ನಿಮಿಷದ ನಡಿಗೆಯಲ್ಲಿ ಒಂದು ಪರೀಷಾ ಸಿಗುತ್ತದೆ. ಅದು ಒಳ್ಳೆಯದೋ ಅಲ್ಲವೋ ಎಂದು ಗುರುತಿಸುವುದನ್ನು ಕಲಿತರೆ ಸಾಕು.

ಸರಿ, ಹೊರಗೆ ನಿಂತು ಗುರುತಿಸುವುದು ಹೇಗೆ?

ಬೆಂಕಿ ನೋಡಿ. ಈ ಪುಟದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನೇ ಇಡಿ.

ಒಳ್ಳೆಯ ಪರೀಷಾದಲ್ಲಿ ಒಲೆ ಮುಚ್ಚಿಟ್ಟಿರುವುದಿಲ್ಲ. ಬಾಗಿಲ ಹತ್ತಿರವೋ ಕಿಟಕಿಯ ಹಿಂದೆಯೋ ಕಾಣುತ್ತದೆ. ಒಲೆಯ ಒಂದು ಬದಿಗೆ ಕಬ್ಬಿಣದ ಬುಟ್ಟಿಯಂಥದ್ದು, ಅದರೊಳಗೆ ಸೌದೆಯೋ ಇದ್ದಿಲೋ ಧಗಧಗ ಉರಿಯುತ್ತಿರುತ್ತದೆ. ಕೆಂಡ ತಾನಾಗಿ ಕೆಳಗೆ ಉದುರುತ್ತದೆ. ಒಲೆಯ ಮುಂದೆ ನಿಂತ ಪರೀಷೇರೊ ಸಲಾಕೆಯಲ್ಲಿ ಆ ಕೆಂಡವನ್ನು ಎಳೆದೆಳೆದು ಜಾಲರಿಯ ಕೆಳಗೆ ತೆಳ್ಳಗೆ ಹರಡುತ್ತಾನೆ, ಅಂಗೈ ಚಾಚಿ ಶಾಖ ನೋಡುತ್ತಾನೆ, ಹೆಚ್ಚಾಯಿತು ಅನ್ನಿಸಿದರೆ ಅರ್ಧ ಕೆಂಡವನ್ನು ವಾಪಸ್ ತಳ್ಳುತ್ತಾನೆ. ಮಾಂಸದ ಕೆಳಗೆ ಉರಿ ಇರಕೂಡದು, ಬೂದಿ ಹೊದ್ದ ಕೆಂಡ ಮಾತ್ರ ಇರಬೇಕು. ಜಾಲರಿಯ ಸರಳುಗಳನ್ನು ಎಷ್ಟೋ ಕಡೆ ಇಂಗ್ಲಿಷಿನ ವಿ ಆಕಾರಕ್ಕೆ ಮಡಿಚಿ, ತುಸು ಇಳಿಜಾರಾಗಿ ಕೂರಿಸಿರುತ್ತಾರೆ. ಕರಗಿದ ಕೊಬ್ಬು ಆ ಸಂದಿನಲ್ಲೇ ಮುಂದಕ್ಕೆ ಹರಿದು ತಟ್ಟೆಗೆ ಬೀಳುತ್ತದೆ, ಕೆಂಡಕ್ಕೆ ಬಿದ್ದು ಹೊಗೆ ಎಬ್ಬಿಸುವುದಿಲ್ಲ.

ಜಾಲರಿಯ ಮೇಲೆ ಏನಿದೆ ಎಂದೂ ನೋಡಿ. ರಾತ್ರಿ ಎಂಟೂವರೆಗೇ ಹತ್ತಾರು ಸ್ಟೇಕ್‌ಗಳು ಅರೆಬೆಂದು, ಮೂಲೆಯಲ್ಲಿ ಬಣ್ಣಗೆಟ್ಟು ಸಾಲಾಗಿ ಮಲಗಿದ್ದರೆ ನಿಮಗೆ ಬರುವುದು ಅವೇ, ಮತ್ತೊಮ್ಮೆ ಬಿಸಿಯಾಗಿ. ಪಕ್ಕೆಲುಬು, ಇಡೀ ಪಕ್ಕೆಯ ದೊಡ್ಡ ತುಂಡು ಇವು ಗಂಟೆಗಟ್ಟಲೆ ಜಾಲರಿಯ ಮೇಲಿರುವುದು ಸರಿಯೇ, ಅವು ನಿಧಾನವಾಗಿ ಬೇಯಬೇಕಾದವು. ಸ್ಟೇಕ್ ಮಾತ್ರ ನೀವು ಹೇಳಿದ ಮೇಲೆ ಕೆಂಡಕ್ಕೆ ಬೀಳಬೇಕು.

ಬಾಗಿಲಲ್ಲಿ ನಿಂತು ಮೆನು ಬೀಸಿ ಇಂಗ್ಲಿಷಿನಲ್ಲಿ ಕರೆಯುವವನಿದ್ದರೆ ಮುಂದೆ ನಡೆಯಿರಿ. ಪ್ರವಾಸಿಗರು ಓಡಾಡುವ ಬೀದಿಯ ಅಂಥದೊಂದು ಜಾಗದಲ್ಲಿ ನನ್ನ ಮುಂದೆ ತಂದಿಟ್ಟ ಸ್ಟೇಕಿನ ಮೇಲೆ ಜಾಲರಿಯ ಕಪ್ಪು ಗೆರೆ ಚಂದವಾಗಿಯೇ ಇತ್ತು, ಒಳಗೆ ಕೊರೆಯುವ ತಣ್ಣಗೆ. ಮೇಜುಗಳಲ್ಲಿ ಅಜ್ಜ, ಮೊಮ್ಮಕ್ಕಳು, ಟ್ಯಾಕ್ಸಿ ಚಾಲಕರು ಕಂಡರೆ ಒಳಗೆ ಹೋಗಿ.

ಒಬ್ಬರಿಗೆ ಎಷ್ಟಾಗುತ್ತೆ?

ಪೆಸೊ ಲೆಕ್ಕದಲ್ಲಿ ಅಂಕಿ ಕೊಟ್ಟರೆ ನೀವು ಓದುವ ಹೊತ್ತಿಗೆ ಅದು ಸುಳ್ಳಾಗಿರುತ್ತದೆ. 2023ರಲ್ಲಿ ಇಲ್ಲಿನ ಹಣದುಬ್ಬರ 211 ಪ್ರತಿಶತ ದಾಟಿತ್ತು. ಆಗ ಮೆನುವಿನ ದರದ ಮೇಲೆ ಸ್ಟಿಕ್ಕರ್, ಅದರ ಮೇಲೆ ಇನ್ನೊಂದು ಸ್ಟಿಕ್ಕರ್. ಸೀಮೆಸುಣ್ಣದಲ್ಲಿ ಬರೆದ ಹಲಗೆಗಳು ಇಲ್ಲಿ ಇಷ್ಟೊಂದು ಇರುವುದು ಅಲಂಕಾರಕ್ಕಲ್ಲ. ಆಮೇಲೆ ಏರಿಕೆಯ ವೇಗ ಇಳಿಯಿತು, ಆದರೆ ಡಾಲರ್ ಲೆಕ್ಕದಲ್ಲಿ ಊರೇ ದುಬಾರಿಯಾಯಿತು. "ಅರ್ಜೆಂಟೀನಾ ಸಿಕ್ಕಾಪಟ್ಟೆ ಅಗ್ಗ" ಎನ್ನುವ ಹಳೆಯ ಯೂಟ್ಯೂಬ್ ವಿಡಿಯೋಗಳನ್ನು ನಂಬಿಕೊಂಡು ಬರಬೇಡಿ.

ಖರ್ಚು ಇಳಿಸುವ ದಾರಿಗಳಿವೆ. ವಾರದ ದಿನ ಮಧ್ಯಾಹ್ನ ಹೋದರೆ ಅನೇಕ ಕಡೆ ಊಟ, ಪಾನೀಯ, ಸಿಹಿ ಅಥವಾ ಕಾಫಿ ಸೇರಿದ ಒಂದೇ ದರದ "ಮೆನು ಎಹೆಕುತೀವೊ" ಇರುತ್ತದೆ. ನಗದು ಕೊಟ್ಟರೆ ಎಷ್ಟೋ ಜಾಗದಲ್ಲಿ ರಿಯಾಯಿತಿ ಉಂಟು, ಬಾಗಿಲಲ್ಲೇ ಚೀಟಿ ಅಂಟಿಸಿರುತ್ತಾರೆ. ಎಲ್ಲಕ್ಕಿಂತ ದೊಡ್ಡ ಉಳಿತಾಯ ಹಂಚಿಕೊಂಡು ತಿನ್ನುವುದು. ಒಂದು ಸ್ಟೇಕ್ ಸಾಮಾನ್ಯವಾಗಿ 400ರಿಂದ 500 ಗ್ರಾಂ ತೂಗುತ್ತದೆ. ಇಬ್ಬರಿಗೆ ಒಂದು ಸ್ಟೇಕ್, ಒಂದು ಸಲಾಡ್, ಒಂದು ಆಲೂಗಡ್ಡೆ ಧಾರಾಳ. "ಪಾರ ಕೊಂಪರ್ತೀರ್" ಎಂದರೆ ಎರಡು ತಟ್ಟೆ ಕೊಡುತ್ತಾರೆ. ಅದರಲ್ಲಿ ಮುಜುಗರವೇನೂ ಇಲ್ಲ, ಇಲ್ಲಿನವರೇ ಹಾಗೆ ತಿನ್ನುತ್ತಾರೆ.

ಮೆನುವಿನಲ್ಲಿ ಹತ್ತು ಹೆಸರುಗಳಿವೆ. ಯಾವುದನ್ನು ಹೇಳಲಿ?

ಮೊದಲ ಸಲವಾದರೆ ಬೀಫೆ ದೆ ಚೊರೀಸೊ. ಹೆಸರು ಕೇಳಿ ಸಾಸೇಜ್ ಅಂದುಕೊಂಡು ಬಿಟ್ಟುಬಿಡುವವರಿದ್ದಾರೆ. ಸಾಸೇಜಿಗೂ ಇದಕ್ಕೂ ಸಂಬಂಧವಿಲ್ಲ. ಬೆನ್ನಿನ ಸೊಂಟದ ಭಾಗದ ದಪ್ಪ ಸ್ಟೇಕ್ ಇದು, ಒಂದು ಅಂಚಿಗೆ ಉದ್ದಕ್ಕೂ ಕೊಬ್ಬಿನ ಪಟ್ಟಿ. ಆ ಪಟ್ಟಿ ಗರಿಗರಿಯಾಗಿ ಹೊಂಬಣ್ಣಕ್ಕೆ ತಿರುಗಿದ್ದರೆ ಪರೀಷೇರೊ ಕೆಲಸ ಬಲ್ಲವನು. ಬಿಳಿಚಿಕೊಂಡು ರಬ್ಬರಿನಂತಿದ್ದರೆ ಅವಸರ ಮಾಡಿದ್ದಾನೆ.

ಓಹೊ ದೆ ಬೀಫೆ ಪಕ್ಕೆಲುಬಿನ ಮೇಲ್ಭಾಗದ್ದು, ಅಂದರೆ ರಿಬ್‌ಐ. ಮಾಂಸದ ಒಳಗೇ ಕೊಬ್ಬಿನ ಎಳೆ ಹರಡಿರುವುದರಿಂದ ಬೇಯಿಸುವವನು ಒಂದಿಷ್ಟು ತಪ್ಪಿದರೂ ಕೈಕೊಡುವುದಿಲ್ಲ. ಲೋಮೊ ನಮ್ಮವರು ಅಂಡರ್‌ಕಟ್ ಅನ್ನುವ ಭಾಗ. ಬೆಣ್ಣೆಯಂತೆ ಮೆತ್ತಗೆ, ಬೆಲೆ ಎಲ್ಲಕ್ಕಿಂತ ಜಾಸ್ತಿ, ರುಚಿ ಎಲ್ಲಕ್ಕಿಂತ ಸಪ್ಪೆ. ಬೇರೆಯವರು ಬಿಲ್ ಕೊಡುವಾಗ ತಿನ್ನಿ.

ಈ ಬೆನ್ನಿನ ಕಟ್‌ಗಳು ದುಬಾರಿಯಾಗಲು ಕಾರಣವಿದೆ. ಯೂರೋಪಿಗೆ ಕಡಿಮೆ ಸುಂಕದಲ್ಲಿ ಹೋಗುವ ಹಿಲ್ಟನ್ ಕೋಟಾ ಮಾಂಸ ಬಹುಪಾಲು ಇಂಥ ಭಾಗಗಳದ್ದೇ. ರಫ್ತಿನ ಕಣ್ಣು ಅಷ್ಟಾಗಿ ಬೀಳದ ಭಾಗಗಳಲ್ಲೇ ಓಣಿಯ ಪರೀಷಾದ ಹೆಚ್ಚುಗಾರಿಕೆ ಇರುವುದು. ಪಕ್ಕೆಲುಬನ್ನು ಗರಗಸದಿಂದ ಅಡ್ಡಡ್ಡ ಪಟ್ಟಿಯಾಗಿ ಕೊಯ್ದರೆ ಅಸಾದೊ ದೆ ತೀರ. ಪಟ್ಟಿಗೊಂದು ಸಾಲು ಮೂಳೆ, ಕೈಯಲ್ಲಿ ಹಿಡಿದು ಕಚ್ಚಿ ತಿನ್ನಬೇಕು. ಹೊಟ್ಟೆಯ ಪಕ್ಕದ ದೊಡ್ಡ ತುಂಡು ಬಸೀಯೊ. ಅದರ ಮೇಲೊಂದು ಪೊರೆ ಇರುತ್ತದೆ, ನಿಧಾನ ಕೆಂಡದಲ್ಲಿ ಆ ಪೊರೆ ಹಪ್ಪಳವಾಗಿ ಒಳಗಿನ ರಸವನ್ನು ಕಾಯುತ್ತದೆ. ಭಾನುವಾರ ಮಧ್ಯಾಹ್ನದ ಬಸೀಯೊ ಬೇರೆಯೇ. ಎಂತ್ರಾನ್ಯ ವಪೆಯ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ತೆಳ್ಳನೆಯ ಪಟ್ಟಿ, ಜೋರು ಶಾಖದಲ್ಲಿ ಬೇಗ ಆಗುತ್ತದೆ. ಅಗಿಯಬೇಕು, ಆದರೆ ಮಾಂಸದ ರುಚಿ ಅಂದರೆ ಅದು. ನನ್ನ ದುಡ್ಡಲ್ಲಿ ನಾನು ತಿನ್ನುವುದು ಎಂತ್ರಾನ್ಯವೇ. ಮೊದಲೆಲ್ಲ ಅಗ್ಗವಿತ್ತು, ಈಗ ಎಲ್ಲರಿಗೂ ಗೊತ್ತಾಗಿ ಅದರ ಬೆಲೆಯೂ ಮೇಲೇರಿದೆ.

ಎಷ್ಟು ಬೇಯಿಸಬೇಕು ಅಂತ ಹೇಳುವುದು ಹೇಗೆ?

ವೇಟರ್ ಕೇಳದಿದ್ದರೂ ನೀವೇ ಹೇಳಿ. ಒಳಗೆ ಕೆಂಪಗೆ, ರಸವಾಗಿ ಬೇಕಿದ್ದರೆ "ಹುಗೋಸೊ". ನಡುವೆ ಗುಲಾಬಿ ಬಣ್ಣ ಸಾಕು ಎಂದರೆ "ಆ ಪುಂತೊ". ಪೂರ್ತಿ ಬೆಂದಿರಬೇಕು ಎಂದರೆ "ಬ್ಯೆನ್ ಕೊಸೀದೊ". ಎರಡೂ ಬದಿ ಬಿಸಿ ಮುಟ್ಟಿಸಿ ತೆಗೆಯಬೇಕು ಎನ್ನುವ ಧೈರ್ಯಸ್ಥರಿಗೆ "ವ್ವೆಲ್ತ ಇ ವ್ವೆಲ್ತ".

ಇಲ್ಲಿನ ಜನ ಮಾಂಸವನ್ನು ನೀವಂದುಕೊಂಡದ್ದಕ್ಕಿಂತ ಹೆಚ್ಚೇ ಬೇಯಿಸುತ್ತಾರೆ. ಓಣಿಯ ಪರೀಷಾದಲ್ಲಿ "ಆ ಪುಂತೊ" ಎಂದರೆ ಗುಲಾಬಿ ಬಣ್ಣ ಹುಡುಕಬೇಕಾಗುವುದುಂಟು. ಹಾಗಾಗಿ ಮೀಡಿಯಂ ಬೇಕಾದವರು "ಹುಗೋಸೊ" ಎಂದೇ ಹೇಳಿ. ಕಡಿಮೆ ಬೆಂದಿದ್ದರೆ ಇನ್ನೆರಡು ನಿಮಿಷ ಕೆಂಡಕ್ಕೆ ಇಡಲು ಯಾರೂ ಬೇಸರಿಸುವುದಿಲ್ಲ, ಹೆಚ್ಚು ಬೆಂದದ್ದನ್ನು ಹಿಂದಕ್ಕೆ ತರುವ ಉಪಾಯ ಯಾರ ಬಳಿಯೂ ಇಲ್ಲ. ತಟ್ಟೆಗೆ ಇಳಿಯುವ ಕೆಂಪು ನೀರು ನೋಡಿ ರಕ್ತ ಎಂದು ಮುಖ ಸಿಂಡರಿಸಬೇಡಿ. ಅದು ಮಾಂಸದ ರಸ, ಬಣ್ಣ ಬಂದಿರುವುದು ಮಯೋಗ್ಲೋಬಿನ್ ಎಂಬ ಪ್ರೋಟೀನಿನಿಂದ.

ಬೆಂಗಳೂರಿನಲ್ಲಿ ಸ್ಟೇಕ್ ತಿಂದಿದ್ದೇನೆ. ಅದಕ್ಕೂ ಇದಕ್ಕೂ ಅಂಥ ವ್ಯತ್ಯಾಸ ಏನು?

ಬೆಂಗಳೂರಿನಲ್ಲಿ ನೀವು ತಿಂದಿರುವುದು ಬಹುಮಟ್ಟಿಗೆ ಅಂಡರ್‌ಕಟ್, ಮೇಲೆ ಪೆಪ್ಪರ್ ಸಾಸೋ ಮಶ್ರೂಮ್ ಸಾಸೋ. ಸಿಜ್ಲರ್ ಆದರೆ ಚುಂಯ್‌ಗುಡುವ ಕಬ್ಬಿಣದ ತಟ್ಟೆ ಬೇರೆ. 2021ರ ಜನವರಿಯಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನಿನ ಪ್ರಕಾರ ಕರ್ನಾಟಕದಲ್ಲಿ ಕಡಿಯಲು ಅವಕಾಶವಿರುವುದು 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ. ವಯಸ್ಸಾದ ಪ್ರಾಣಿಯ ಮಾಂಸ ಗಡಸು. ಅಷ್ಟಾಗಿ ಕೆಲಸ ಮಾಡದ ಅಂಡರ್‌ಕಟ್ ಬಿಟ್ಟರೆ ಉಳಿದ ಭಾಗ ಸ್ಟೇಕಿಗೆ ಒಗ್ಗುವುದು ಕಷ್ಟ, ಸಾರಿಗೋ ಫ್ರೈಗೋ ಸರಿ.

ಇಲ್ಲಿ ಊರೊಳಗೆ ಮಾರುವುದು ಹೆಚ್ಚಾಗಿ ಎಳೆ ಪ್ರಾಯದ, ಆಂಗಸ್, ಹಿಯರ್‌ಫರ್ಡ್ ತಳಿಗಳ ದನದ ಮಾಂಸ. ಬೆನ್ನು, ಪಕ್ಕೆ, ಹೊಟ್ಟೆ ಎಲ್ಲವೂ ಕೆಂಡಕ್ಕೆ ಒಗ್ಗುತ್ತದೆ. ಅದಕ್ಕೇ ಮಸಾಲೆ ಹಚ್ಚಿ ನೆನೆಸಿಡುವ ಪದ್ಧತಿ ಇಲ್ಲ. ಹರಳುಹರಳಾದ ಪರೀಷಾ ಉಪ್ಪು ಒಂದೇ. ತಟ್ಟೆಯಲ್ಲಿ ಸಾಸ್ ಹುಡುಕಿ ನಿರಾಶರಾಗಬೇಡಿ.

ಖಾರ ಏನಾದರೂ ಸಿಗುತ್ತಾ?

ಇಲ್ಲ. ಚಿಮಿಚೂರ್ರಿ ಕೊಡುತ್ತಾರೆ: ಪಾರ್ಸ್ಲಿ, ಬೆಳ್ಳುಳ್ಳಿ, ಒರೆಗಾನೊ, ವಿನೆಗರ್, ಎಣ್ಣೆ, ಒಂದಿಷ್ಟು ಒಣಮೆಣಸಿನ ತರಿ. ಅದನ್ನು ಅವರು ಖಾರ ಅನ್ನುತ್ತಾರೆ, ನಮ್ಮ ನಾಲಿಗೆ ಒಪ್ಪುವುದಿಲ್ಲ. ಟೊಮೇಟೊ, ಈರುಳ್ಳಿ, ದಪ್ಪಮೆಣಸಿನಕಾಯಿ ಸಣ್ಣಗೆ ಹೆಚ್ಚಿದ ಸಾಲ್ಸ ಕ್ರಿಯೋಷವೂ ಇರುತ್ತದೆ, ಕೊಬ್ಬಿರುವ ಮಾಂಸಕ್ಕೆ ಚೆನ್ನಾಗಿ ಹೊಂದುತ್ತದೆ. ಚೀಲದಲ್ಲಿ ಚಟ್ನಿಪುಡಿ ಇಟ್ಟುಕೊಂಡು ಬರುವ ಮಿತ್ರರಿದ್ದಾರೆ. ಮೊದಲ ನಾಲ್ಕು ತುತ್ತು ಬರೀ ಉಪ್ಪಿನಲ್ಲಿ ತಿಂದು ನೋಡಿ, ಆಮೇಲೆ ನಿಮ್ಮಿಷ್ಟ.

ಎಷ್ಟು ಗಂಟೆಗೆ ಹೋಗಬೇಕು?

ರಾತ್ರಿ ಏಳಕ್ಕೆ ಹೋದರೆ ಕುರ್ಚಿಗಳು ಇನ್ನೂ ಮೇಜಿನ ಮೇಲಿರುತ್ತವೆ. ಬಹಳಷ್ಟು ಕಡೆ ಅಡುಗೆ ಶುರುವಾಗುವುದು ಎಂಟು, ಎಂಟೂವರೆಗೆ. ಊರಿನವರು ಬರುವುದು ಒಂಬತ್ತೂವರೆ ಹತ್ತಕ್ಕೆ. ಕಾಯ್ದಿರಿಸದೆ ಹೋಗುವವರು ಬಾಗಿಲು ತೆರೆದ ಹೊತ್ತಿಗೇ ಹೋದರೆ ಜಾಗ ಖಾತ್ರಿ, ಪರೀಷೇರೊನ ಗಮನವೂ ನಿಮ್ಮ ಮೇಲಿರುತ್ತದೆ. ಸೋಮವಾರ ರಜೆ ಇರುವ ಜಾಗಗಳು ಬಹಳ. ಭಾನುವಾರ ಮಧ್ಯಾಹ್ನ ಇಡೀ ಇಡೀ ಕುಟುಂಬಗಳು ಬಂದು ಕೂರುತ್ತವೆ, ಊಟ ಮುಗಿದ ಮೇಲೂ ಏಳುವುದಿಲ್ಲ. ಅವರನ್ನು ಎಬ್ಬಿಸುವ ವೇಟರ್ ಇಲ್ಲಿ ಇಲ್ಲ.

ನಾಲ್ಕು ಜನ ಇದ್ದೇವೆ. "ಪರಿಷಾದ" ತಗೊಂಡರೆ ಎಲ್ಲದರ ರುಚಿ ನೋಡಬಹುದಂತೆ?

ನೋಡಬಹುದು. ಚಿಕ್ಕ ಕೆಂಡದ ಪೆಟ್ಟಿಗೆಯನ್ನೇ ಮೇಜಿಗೆ ತಂದಿಟ್ಟು ಅದರ ಮೇಲೆ ಪಕ್ಕೆಲುಬು, ಚೊರೀಸೊ ಸಾಸೇಜ್, ರಕ್ತದ ಸಾಸೇಜಾದ ಮೊರ್ಸೀಷ, ಕರುಳು, ಮೂತ್ರಪಿಂಡ ಎಲ್ಲ ಪೇರಿಸುತ್ತಾರೆ. ನೋಡಲು ಭರ್ಜರಿ. ಆದರೆ ಬೋಟಿ, ಕರುಳು ಇಷ್ಟಪಡುವವರು ಮೇಜಿನಲ್ಲಿ ಇಲ್ಲದಿದ್ದರೆ ಅರ್ಧ ಹಾಗೇ ಉಳಿಯುತ್ತದೆ. ಒಳ್ಳೆಯ ಸ್ಟೇಕ್ ಅದರಲ್ಲಿ ಅಪರೂಪ, ಇದ್ದರೂ ಮಾತಾಡುತ್ತ ಕೂತಷ್ಟು ಹೊತ್ತು ಕೆಂಡದ ಮೇಲೆ ಒಣಗುತ್ತದೆ. ನಾಲ್ವರಿಗೆ ನಾನಾದರೆ ಒಂದು ಬೀಫೆ ದೆ ಚೊರೀಸೊ, ಒಂದು ಬಸೀಯೊ, ಮೊದಲಿಗೆ ಒಂದು ಪ್ಲೇಟ್ ಮೊಷೇಹ ಹೇಳುತ್ತೇನೆ. ಮೊಷೇಹ ಎಂದರೆ ಕರುವಿನ ಕತ್ತು, ಎದೆಯ ಬಳಿ ಇರುವ ಥೈಮಸ್ ಗ್ರಂಥಿ. ಹೊರಗೆ ಗರಿಗರಿ, ಒಳಗೆ ಕೆನೆ, ಮೇಲೆ ನಿಂಬೆಹಣ್ಣು. ಬೆಲೆ ಹೆಚ್ಚು, ಹಂಚಿಕೊಂಡರೆ ಗೊತ್ತಾಗುವುದಿಲ್ಲ.

ಹೆಂಡತಿ ಸಸ್ಯಾಹಾರಿ. ಅವಳನ್ನು ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ, ಆದರೆ ಮೊದಲೇ ಮಾತಾಡಿಕೊಳ್ಳಿ. ಬಾಗಿಲಿನಿಂದಲೇ ಮಾಂಸದ ವಾಸನೆ ಹಿಡಿಯುತ್ತದೆ, ಜಾಲರಿ ಎಲ್ಲದಕ್ಕೂ ಒಂದೇ. ಇದಕ್ಕೆ ಅಭ್ಯಂತರ ಇಲ್ಲದಿದ್ದರೆ ಪ್ರೊವೊಲೇತ ಹೇಳಿ. ದಪ್ಪ ಚೀಸ್ ಬಿಲ್ಲೆಯನ್ನು ಕೆಂಡದ ಮೇಲೆ ಅಂಚು ಕಂದುವವರೆಗೆ ಕರಗಿಸಿ, ಒರೆಗಾನೊ ಉದುರಿಸಿ ಬಿಸಿಬಿಸಿ ಕೊಡುತ್ತಾರೆ, ಬ್ರೆಡ್ಡಿನಲ್ಲಿ ಎಳೆದು ತಿನ್ನಬೇಕು. ಜೊತೆಗೆ ಬೆಳ್ಳುಳ್ಳಿ, ಪಾರ್ಸ್ಲಿ ಹಾಕಿದ ಕರಿದ ಆಲೂಗಡ್ಡೆ "ಪಾಪಾಸ್ ಆ ಲ ಪ್ರೊವೆನ್ಸಾಲ್", ಸುಟ್ಟ ಕೆಂಪು ದಪ್ಪಮೆಣಸಿನಕಾಯಿ, ಮೆಕ್ಕೆಜೋಳದ ಎಂಪನಾದ. ಎಂಪನಾದ ನಮ್ಮ ಕಡುಬಿನ ಆಕಾರದ್ದು, ಒಲೆಯಲ್ಲಿ ಬೇಯಿಸಿದ್ದು. ಇಟಲಿಯಿಂದ ವಲಸೆ ಬಂದವರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ ಊರಾದ್ದರಿಂದ ಪಾಸ್ತಾ ಹೆಚ್ಚಿನ ಕಡೆ ಇದ್ದೇ ಇರುತ್ತದೆ.

ಎಚ್ಚರ ಒಂದೇ. "ಸಿನ್ ಕಾರ್ನೆ", ಅಂದರೆ ಮಾಂಸ ಬೇಡ ಎಂದರೆ ಅವರ ತಲೆಗೆ ಬರುವುದು ದನದ ಮಾಂಸ ಬೇಡ ಎಂದು. ಹಂದಿಯ ಹ್ಯಾಮ್ ತುಂಬಿದ್ದನ್ನು ನಗುತ್ತಲೇ ತಂದಿಡುತ್ತಾರೆ. "ಸಿನ್ ಹಮೋನ್, ಸಿನ್ ಪೋಷೊ, ಸಿನ್ ಪೆಸ್ಕಾದೊ" ಎಂದು ಹ್ಯಾಮ್, ಕೋಳಿ, ಮೀನು ಎಲ್ಲವನ್ನೂ ಬಿಡಿಸಿ ಹೇಳಿ.

ಬೀಫ್ ಬೇಡ, ಬೇರೆ ಮಾಂಸ ಪರವಾಗಿಲ್ಲ ಅನ್ನುವವರಿಗೆ?

ಕೋಳಿ ಎಲ್ಲ ಕಡೆ ಇದೆ. ಹಂದಿಯಲ್ಲಿ ಭುಜದ ಭಾಗ "ಬೊಂದಿಯೋಲ", ಪಕ್ಕೆಯ ತೆಳ್ಳನೆಯ "ಮತಾಂಬ್ರೆ ದೆ ಸೆರ್ದೊ", ಎರಡೂ ಚೆನ್ನ. ನಿಂಬೆರಸ ಹಿಂಡಿ ಕೊಡುತ್ತಾರೆ. ಕೊಡಗಿನ ಮಿತ್ರರೊಬ್ಬರು ಎರಡನೆಯದನ್ನು ತಿಂದು ಕಾಚಂಪುಳಿ ಇದ್ದಿದ್ದರೆ ಅಂದರು.

ಹಲಾಲ್ ಸಿಗುತ್ತಾ?

ಸಾಮಾನ್ಯ ಪರೀಷಾದಲ್ಲಿ ಇಲ್ಲ, ಅದೇ ಜಾಲರಿಯ ಮೇಲೆ ಹಂದಿ, ರಕ್ತದ ಸಾಸೇಜ್ ಎಲ್ಲ ಬೀಳುತ್ತದೆ. ಊರಿನಲ್ಲಿ ಯಹೂದಿ ಸಮುದಾಯ ದೊಡ್ಡದು, ಒನ್ಸೆ ಮತ್ತು ಅಬಾಸ್ತೊ ಸುತ್ತ ಕೋಶರ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವ ಪರೀಷಾಗಳಿವೆ. ಕೋಶರ್ ನಡೆಯುತ್ತದೆ ಎನ್ನುವವರು ಅಲ್ಲಿಗೆ ಹೋಗಬಹುದು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಮುಚ್ಚಿರುತ್ತವೆ.

ಇಲ್ಲಿನ ದನ ಎಲ್ಲ ಬಯಲಿನಲ್ಲಿ ಹುಲ್ಲು ಮೇಯ್ದೇ ಬೆಳೆದವಂತೆ, ನಿಜವಾ?

ಒಂದು ಕಾಲಕ್ಕೆ ನಿಜ. ಪಾಂಪಾ ಬಯಲು ಈಗ ಬಹುಪಾಲು ಸೋಯಾ ಬೆಳೆಯುತ್ತದೆ. ಅದರಲ್ಲಿ ದುಡ್ಡು ಜಾಸ್ತಿ. ದನ ಚಿಕ್ಕಂದಿನಲ್ಲಿ ಹುಲ್ಲು ಮೇಯುತ್ತದೆ, ಕೊನೆಯ ತಿಂಗಳುಗಳಲ್ಲಿ ದೊಡ್ಡಿಗೆ ಕೂಡಿ ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸುವುದು ಈಗ ಸಾಮಾನ್ಯ. ಹುಲ್ಲಿನದೇ ಬೇಕು ಎಂದರೆ "ದೆ ಪಾಸ್ತೂರ" ಎಂದು ಮೆನುವಿನಲ್ಲಿ ಬರೆದಿರುವ ಜಾಗ ಹುಡುಕಬೇಕು, ಅವು ಅಗ್ಗವಲ್ಲ. ಊರೊಳಗೇ ಇದ್ದ ಲಿನಿಯರ್ಸ್ ಜಾನುವಾರು ಸಂತೆಯೂ 2022ರಲ್ಲಿ ಹೊರವಲಯದ ಕನ್ಯುವೆಲಾಸ್‌ಗೆ ಹೋಯಿತು. ಜನರ ತಟ್ಟೆಯೂ ಬದಲಾಗಿದೆ. ದನದ ಮಾಂಸದ ತಲಾ ವಾರ್ಷಿಕ ಸೇವನೆ ಈಗ 50 ಕಿಲೋ ಆಸುಪಾಸು, 1950ರ ದಶಕದಲ್ಲಿ ಇದರ ಸುಮಾರು ದುಪ್ಪಟ್ಟು ತಿನ್ನುತ್ತಿದ್ದರು.

ಒಂದೇ ದರಕ್ಕೆ ತಿಂದಷ್ಟೂ ಮಾಂಸ ಕೊಡುವ ಜಾಗಗಳು ಹೇಗೆ?

"ತೆನೆದೋರ್ ಲೀಬ್ರೆ" ಅನ್ನುತ್ತಾರೆ. ಪ್ವೆರ್ತೊ ಮದೇರೊದ ಸೀಗ ಲ ವಾಕ ಇದರಲ್ಲಿ ಹೆಸರುವಾಸಿ. ಹಸಿದ ಹುಡುಗರ ಗುಂಪಿಗೆ ಲಾಭ. ಒಂದೇ ಒಂದು ಒಳ್ಳೆಯ ಸ್ಟೇಕ್ ಬೇಕಿದ್ದವರಿಗೆ ಅಲ್ಲ.

ತೀರಾ ಕಡಿಮೆ ದುಡ್ಡಿದೆ.

ಕೊಸ್ತನೇರ ಸೂರ್‌ಗೆ ಹೋಗಿ. ನದಿದಂಡೆಯ ಅಭಯಾರಣ್ಯದ ಪಕ್ಕ ಸಾಲಾಗಿ ಗಾಡಿಗಳಿವೆ. ಚೊರಿಪಾನ್, ಅಂದರೆ ಸೀಳಿದ ಸಾಸೇಜ್ ಇಟ್ಟ ಬ್ರೆಡ್, ಸ್ಟೇಕಿನ ಬೆಲೆಯ ಒಂದು ಪಾಲಿಗೆ ಸಿಗುತ್ತದೆ. ಬಸೀಯೊ ಮಾಂಸ ಇಟ್ಟ ಬ್ರೆಡ್ಡೂ ಉಂಟು, "ಸಾಂಗ್ವಿಚೆ ದೆ ಬಸೀಯೊ" ಕೇಳಿ. ಕೆಂಡದ ವಿಷಯದಲ್ಲಿ ಮೇಲೆ ಹೇಳಿದ್ದೆಲ್ಲ ಗಾಡಿಗಳಿಗೂ ಅನ್ವಯ.

ಬಿಲ್ಲಿನಲ್ಲಿ ನಾನು ಹೇಳದ ಒಂದು ಬಾಬ್ತು ಬಂದಿದೆ. ಮೋಸವಾ?

"ಕುಬಿಯೆರ್ತೊ" ಆಗಿದ್ದರೆ ಮೋಸವಲ್ಲ. ಬ್ರೆಡ್ಡು, ಮೇಜಿನ ಸಿದ್ಧತೆ ಇತ್ಯಾದಿಗೆ ತಲಾ ಹಾಕುವ ಶುಲ್ಕ, ಬ್ರೆಡ್ ಮುಟ್ಟದಿದ್ದರೂ ಹಾಕುತ್ತಾರೆ. ಮೆನುವಿನಲ್ಲಿ ಸಣ್ಣದಾಗಿ ಬರೆದಿರುತ್ತದೆ. ಅದು ಟಿಪ್ಸ್ ಅಲ್ಲ. ಟಿಪ್ಸ್ ಬೇರೆ, 10 ಪ್ರತಿಶತ ವಾಡಿಕೆ, ನಗದಾಗಿ ಕೊಟ್ಟರೆ ವೇಟರ್‌ಗೆ ಖುಷಿ. ಆಲೂಗಡ್ಡೆ, ಸಲಾಡ್ ಸ್ಟೇಕಿನ ಬೆಲೆಯಲ್ಲಿ ಸೇರಿರುವುದಿಲ್ಲ, ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಬಿಲ್ ನೋಡಿ ಗಾಬರಿಯಾಗುವವರೇ ಹೆಚ್ಚು. ಬಿಲ್ ತಾನಾಗಿ ಬರುವುದೂ ಇಲ್ಲ. "ಲ ಕ್ವೆಂತ, ಪೊರ್ ಫವೋರ್" ಎನ್ನಬೇಕು.

ಕುಡಿಯಲು?

ಹೋಟೆಲಿನ ಹೌಸ್ ವೈನ್ ಅಗ್ಗ, ಕೆಲವು ಹಳೆಯ ಜಾಗಗಳಲ್ಲಿ ಪೆಂಗ್ವಿನ್ ಆಕಾರದ ಜಗ್‌ನಲ್ಲಿ ಕೊಡುತ್ತಾರೆ. ದ್ರಾಕ್ಷಿಯಲ್ಲಿ ಮಲ್ಬೆಕ್. ವೈನಿಗೆ ಸೋಡಾ ಬೆರೆಸಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಮಕ್ಕಳು ಸ್ಟೇಕ್ ಅಗಿಯಲ್ಲ ಅನ್ನುತ್ತಾರೆ.

ಮಿಲನೇಸ ಹೇಳಿ. ತೆಳ್ಳಗೆ ಬಡಿದ ಮಾಂಸಕ್ಕೆ ಮೊಟ್ಟೆ, ಬ್ರೆಡ್ ಪುಡಿ ಹಚ್ಚಿ ಕರಿದದ್ದು, ತಟ್ಟೆಯಿಂದ ಹೊರಗೆ ಚಾಚಿರುತ್ತದೆ. ಕೋಳಿಯದೂ ಸಿಗುತ್ತದೆ. ಕೊನೆಗೆ ಫ್ಲಾನ್ ಕೊಡಿಸಿ: ಮೊಟ್ಟೆ, ಹಾಲಿನ ಪುಡಿಂಗ್, ಮೇಲೆ ಹಾಲು ಸಕ್ಕರೆ ಕಾಯಿಸಿದ ದುಲ್ಸೆ ದೆ ಲೇಚೆ.

ತಿಂದು ಉಳಿದದ್ದನ್ನು ಕಟ್ಟಿಸಿಕೊಳ್ಳಬಹುದಾ?

ಕಟ್ಟಿಕೊಡುತ್ತಾರೆ, "ಪಾರ ಷೆವಾರ್" ಎನ್ನಿ. ಬೆಳಿಗ್ಗೆ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಚರ್ಮದಂತಾಗುತ್ತದೆ. ತಣ್ಣಗಿದ್ದಾಗಲೇ ತೆಳ್ಳಗೆ ಕೊಯ್ದು ಈರುಳ್ಳಿ, ಹಸಿಮೆಣಸಿನ ಜೊತೆ ಬಾಣಲೆಯಲ್ಲಿ ಒಂದು ನಿಮಿಷ ಆಡಿಸಿ, ಬ್ರೆಡ್ಡಿನೊಳಗೆ ಇಟ್ಟುಕೊಳ್ಳಿ.